ಪೇಸ್‌ಮೇಕರ್ ಇರುವ ಅಪ್ಪಾಜಿಗೆ ಪ್ರಾಸ್ಟೇಟ್ ಆಪರೇಷನ್: ಕಾಟರಿಯಿಂದ ಎದೆಬಡಿತಕ್ಕೆ ತೊಂದರೆ ಆಗುತ್ತಾ?

ದಾವಣಗೆರೆ ಮಗಳು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪಾಜಿಗೆ 72 ವರ್ಷ. ಆರು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಇಸಿಜಿ ತೆಗೆಸಿದಾಗ ನಾಡಿ ನಿಮಿಷಕ್ಕೆ 34 ಇತ್ತು. ಪೂರ್ತಿ ಹಾರ್ಟ್ ಬ್ಲಾಕ್ ಅಂದರು, ಅಂದರೆ ಬಡಿಯಲು ಹೇಳುವ ಸಂಕೇತ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ತಲುಪುತ್ತಿಲ್ಲ ಅಂತ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಜಯದೇವದಲ್ಲಿ ಪೇಸ್‌ಮೇಕರ್ ಹಾಕಿಸಿದೆವು. ಅವತ್ತಿಂದ ಆರಾಮಾಗಿದ್ದಾರೆ. ಬೆಳಿಗ್ಗೆ ಎದ್ದು ಅಡಿಕೆ ತೋಟಕ್ಕೆ ಒಂದು ಸುತ್ತು ಹೋಗಿ ಬಂದೇ ಕಾಫಿ ಕುಡಿಯುವುದು.

ಈಗ ಪ್ರಾಸ್ಟೇಟ್ ತೊಂದರೆ. ಎರಡು ಸಲ ಮೂತ್ರ ಕಟ್ಟಿ ಟ್ಯೂಬ್ ಹಾಕಿಸಿಕೊಂಡಿದ್ದಾರೆ. ಮೂತ್ರನಾಳದ ಮೂಲಕವೇ ಒಳಗೆ ಹೋಗಿ ಗ್ರಂಥಿ ಕೆರೆದು ತೆಗೆಯುವ ಆಪರೇಷನ್ ಮಾಡಬೇಕು ಅಂದಿದ್ದಾರೆ, ಟಿಯುಆರ್‌ಪಿ ಅಂತ. ಡಾಕ್ಟರ್ ಹೇಳಿದ್ದು ಇಷ್ಟು: "ಇದಕ್ಕೆ ಕಾಟರಿ, ಅಂದರೆ ಸುಟ್ಟು ಕೊಯ್ದು ರಕ್ತ ನಿಲ್ಲಿಸುವ ಯಂತ್ರ, ಬೇಕೇ ಬೇಕು. ಪೇಸ್‌ಮೇಕರ್ ಇದೆಯಲ್ಲ, ಹಾರ್ಟ್ ಡಾಕ್ಟರ್ ಹತ್ತಿರ ಫಿಟ್‌ನೆಸ್ ಬರೆಸಿಕೊಂಡು ಬನ್ನಿ." ಬರೆಸಲು ಹೋದರೆ ಇಸಿಜಿ ತೆಗೆದು, ಎಕೋ ನೋಡಿ, ಫಿಟ್ ಅಂತ ಬರೆದುಕೊಟ್ಟರು. ಪೇಸ್‌ಮೇಕರನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಕಾಟರಿ ಬಗ್ಗೆ ಕೇಳಿದ್ದಕ್ಕೆ "ಅದೆಲ್ಲ ಅನಸ್ತೇಷಿಯಾದವರು ನೋಡಿಕೊಳ್ತಾರೆ" ಅಂದರು.

ಕಾಟರಿ ಅಂದರೆ ಕರೆಂಟ್ ಅಲ್ವಾ? ಆ ಕರೆಂಟ್ ಮೈಯೊಳಗೆ ಹೋದರೆ ಪೇಸ್‌ಮೇಕರ್ ನಿಂತುಹೋಗುತ್ತಾ? ನಿಂತರೆ ಅಪ್ಪಾಜಿ ಎದೆಬಡಿತದ ಗತಿ ಏನು? ನಾನು ಯಾರಿಗೆ ಏನು ಕೇಳಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಲ್ಪತರು ನಾಡಿನವ

ಅಕ್ಕ, ಗಾಬರಿ ಆಗಬೇಡಿ. ನಮ್ಮ ಸೋದರಮಾವನಿಗೆ ಪೇಸ್‌ಮೇಕರ್ ಇದೆ, ಹರ್ನಿಯಾ ಆಪರೇಷನ್ ಆಯಿತು, ಏನೂ ಆಗಲಿಲ್ಲ. ಆಪರೇಷನ್ ದಿನ ಕಂಪನಿಯವರು ಬಂದು ಪೇಸ್‌ಮೇಕರ್ ಆಫ್ ಮಾಡಿ, ಮುಗಿದ ಮೇಲೆ ಆನ್ ಮಾಡುತ್ತಾರೆ ಅಂತ ಕೇಳಿದ್ದೇನೆ. ಅಲ್ಲಿಯವರೆಗೆ ಹೃದಯ ತಾನೇ ಬಡಿದುಕೊಳ್ಳುತ್ತದಂತೆ.

ಹುಬ್ಬಳ್ಳಿ ಓಟಿ ಅಣ್ಣ

ತಂಗಿ, ನಾನು ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್. 23 ವರ್ಷದಿಂದ ಇದೇ ಕೆಲಸ. ಹೆಚ್ಚಿನ ದಿನ ನಾನು ನಿಲ್ಲುವುದು ಪೇಷಂಟ್ ತಲೆಯ ಹತ್ತಿರ, ಅನಸ್ತೇಷಿಯಾ ಡಾಕ್ಟರ ಪಕ್ಕ. ನೀವು ಕೇಳಿದ ವಿಷಯ ನನ್ನ ಕೈಬೆರಳಿಗೇ ಗೊತ್ತಿರುವಂಥದ್ದು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ಮೊದಲು ಮೇಲಿನ ಅಣ್ಣನ ಮಾತು. ಪೇಸ್‌ಮೇಕರನ್ನು ಆಫ್ ಮಾಡುವುದಿಲ್ಲ. ನಿಮ್ಮ ಅಪ್ಪಾಜಿಯ ಸ್ವಂತ ನಾಡಿ 34 ಇತ್ತು. ಅಂಥವರ ಪೇಸ್‌ಮೇಕರ್ ಆಫ್ ಮಾಡಿದರೆ ಅದೇ ದೊಡ್ಡ ಅಪಾಯ. ಮಾಡುವುದು ಏನೆಂದರೆ, ಅದರ ಕಿವಿ ಮುಚ್ಚುತ್ತೇವೆ. ಇದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಪೇಸ್‌ಮೇಕರ್ ಮಾಡುವುದು ಎರಡು ಕೆಲಸ. ಒಂದು, ಕೇಳಿಸಿಕೊಳ್ಳುವುದು. ಹೃದಯ ತಾನಾಗಿ ಬಡಿಯಿತಾ ಅಂತ ತಂತಿಯ ತುದಿಯಿಂದ ಕೇಳುತ್ತಾ ಕೂತಿರುತ್ತದೆ. ಬಡಿಯಿತು ಅಂದರೆ ಸುಮ್ಮನಿರುತ್ತದೆ. ಬಡಿಯಲಿಲ್ಲ ಅಂದರೆ ಎರಡನೇ ಕೆಲಸ, ಸಣ್ಣ ಕರೆಂಟಿನಲ್ಲಿ ಒಮ್ಮೆ ತಟ್ಟಿ ಬಡಿಸುತ್ತದೆ. ಹೃದಯದಿಂದ ಬರುವ ಆ ಸದ್ದು ಬಹಳ ಸಣ್ಣದು, ಕೆಲವೇ ಮಿಲಿವೋಲ್ಟ್. ಕಾಟರಿಯ ತುದಿಯಲ್ಲಿ ಇರುವುದು ಸಾವಿರಾರು ವೋಲ್ಟ್. ಪಿಸುಮಾತು ಕೇಳಲು ಕಿವಿಗೊಟ್ಟು ಕೂತವನ ಪಕ್ಕದಲ್ಲಿ ಡೊಳ್ಳು ಬಾರಿಸಿದ ಹಾಗೆ. ಪೇಸ್‌ಮೇಕರ್ ಆ ಗದ್ದಲವನ್ನೇ ಹೃದಯದ ಬಡಿತ ಅಂದುಕೊಳ್ಳುತ್ತದೆ. "ಓಹೋ, ಹೃದಯ ಜೋರಾಗಿ ಬಡಿಯುತ್ತಿದೆ, ನಾನೇಕೆ ತಟ್ಟಲಿ" ಅಂತ ಸುಮ್ಮನಾಗುತ್ತದೆ. ಡಾಕ್ಟರ್ ಪೆಡಲ್ ಒತ್ತಿರುವಷ್ಟು ಹೊತ್ತು ಹೀಗೆ. ಪೆಡಲಿನಿಂದ ಕಾಲು ತೆಗೆದರೆ ಮತ್ತೆ ಶುರು. ಹೆಚ್ಚಿನ ಸಲ ಯಂತ್ರ ಕೆಡುವುದಿಲ್ಲ, ಮೋಸ ಹೋಗುತ್ತದೆ ಅಷ್ಟೇ.

ಸ್ವಂತ ಬಡಿತ ಒಂದಷ್ಟು ಇರುವವರಿಗೆ ಎರಡು ಸೆಕೆಂಡ್ ಪೇಸ್‌ಮೇಕರ್ ಸುಮ್ಮನಾದರೆ ಏನೂ ಆಗುವುದಿಲ್ಲ. ಪೂರ್ತಿ ಅದರ ಮೇಲೇ ನಿಂತಿರುವವರಿಗೆ ಆ ಎರಡು ಸೆಕೆಂಡ್ ಆರು ಏಳು ಆದರೆ ಕಷ್ಟ.

ನಾನು ನೋಡಿದ್ದನ್ನು ಹೇಳುತ್ತೇನೆ. 2009ರಲ್ಲಿ, ಆಗ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಒಬ್ಬ ಅಜ್ಜಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್. ಪೇಸ್‌ಮೇಕರ್ ಇದೆ ಅಂತ ಫೈಲಿನಲ್ಲಿ ಬರೆದಿತ್ತು. ಎಲ್ಲರಿಗೂ ಗೊತ್ತಿತ್ತು. ಆದರೆ ಕಾಟರಿಯ ಪ್ಲೇಟನ್ನು ದಿನಾ ಅಂಟಿಸುವ ಜಾಗದಲ್ಲೇ, ತೊಡೆಗೆ, ಅಂಟಿಸಿಬಿಟ್ಟೆ. ಅಂಟಿಸಿದವನು ನಾನೇ. ಕಾಟರಿ ಕರೆಂಟ್ ಡಾಕ್ಟರ ಕೈಯಲ್ಲಿರುವ ಪೆನ್ಸಿಲಿನಿಂದ ಹೊರಟು, ಮೈಯೊಳಗೆ ಹಾದು, ಆ ಪ್ಲೇಟಿಗೆ ಬಂದು ಯಂತ್ರಕ್ಕೆ ವಾಪಸ್ ಹೋಗುತ್ತದೆ. ಕುತ್ತಿಗೆಯಿಂದ ತೊಡೆಗೆ ದಾರಿ ಎಲ್ಲಿಂದ? ಎದೆಯ ಮಧ್ಯದಿಂದಲೇ.

ಮೊದಲು ಸಣ್ಣಸಣ್ಣದಾಗಿ ಒತ್ತುತ್ತಿದ್ದರು, ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ರಕ್ತನಾಳ ಚಿಮ್ಮಿತು. ಡಾಕ್ಟರ್ ನೀಲಿ ಪೆಡಲ್ ಒತ್ತಿ ಹಿಡಿದರು. ಹಳದಿ ಪೆಡಲ್ ಕೊಯ್ಯಲು, ನೀಲಿ ರಕ್ತ ನಿಲ್ಲಿಸಲು. ಮಾನಿಟರಿನಲ್ಲಿ ಇಸಿಜಿ ಗೆರೆ ಕಾಣದ ಹಾಗೆ ಪರದೆ ತುಂಬಾ ಗೀಚು ಗೀಚು. ಅದು ಕಾಟರಿ ಒತ್ತಿದಾಗಲೆಲ್ಲ ಆಗುವುದೇ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಬೆರಳಿನ ಕ್ಲಿಪ್ಪಿನ ಟಿಂ ಟಿಂ ಸದ್ದು ನಿಂತಿತು. ನನ್ನ ಬೆರಳು ಅಜ್ಜಿಯ ಮಣಿಕಟ್ಟಿನ ಮೇಲೆ ಇತ್ತು. ಹಸಿರು ಗಾಜಿನ ಬಳೆ ಹಾಕಿಕೊಂಡಿದ್ದರು, ತೆಗೆಯಲು ಒಪ್ಪಿರಲಿಲ್ಲ. ಮೇಲಕ್ಕೆ ಸರಿಸಿ ಪ್ಲಾಸ್ಟರ್ ಸುತ್ತಿದ್ದೆ. ಆ ಬಳೆಗಳ ಕೆಳಗೆ ನನ್ನ ಎರಡು ಬೆರಳು. ನಾಡಿ ಇಲ್ಲ. ಒತ್ತಿ ನೋಡಿದೆ. ಇಲ್ಲ. ನನ್ನದೇ ಬೆರಳು ಜಾರಿತೇನೋ ಅಂತ ಇನ್ನೊಂದು ಸಲ ನೋಡಿದೆ. ಇಲ್ಲ. "ಸರ್, ನಾಡಿ ಇಲ್ಲ, ಕಾಟರಿ ಬಿಡಿ" ಅಂತ ಕೂಗಿದೆ. ಕಾಲು ತೆಗೆದರು. ತೆಗೆದ ಕೂಡಲೇ ಬೆರಳಿನ ಕೆಳಗೆ ಒಂದು ಬಡಿತ, ಬಹಳ ಜೋರಾಗಿ, ಒಳಗಿನಿಂದ ಬಾಗಿಲು ತಟ್ಟಿದ ಹಾಗೆ. ಆಮೇಲೆ ಸಾಲಾಗಿ ಬಂತು.

ಆರು ಸೆಕೆಂಡೋ ಏಳೋ ಇರಬೇಕು. ಇವತ್ತಿಗೂ ಯಾರದ್ದಾದರೂ ಮಣಿಕಟ್ಟು ಹಿಡಿದಾಗ ಅದು ನೆನಪಾಗುತ್ತದೆ.

ಅನಸ್ತೇಷಿಯಾ ಮೇಡಂ ತಕ್ಷಣ ಅಯಸ್ಕಾಂತ ತರಿಸಿ ಪೇಸ್‌ಮೇಕರ್ ಮೇಲೆ ಇಟ್ಟು ಟೇಪ್ ಹಾಕಿದರು. ವಡೆಯ ಹಾಗೆ ಮಧ್ಯದಲ್ಲಿ ತೂತು ಇರುವ, ಅಂಗೈಯಗಲದ ಮ್ಯಾಗ್ನೆಟ್. ಇಟ್ಟ ಕೂಡಲೇ ನಾಡಿ ನಿಮಿಷಕ್ಕೆ 85ಕ್ಕೆ ಬಂದು ನಿಂತಿತು, ಗಡಿಯಾರದ ಹಾಗೆ. ಅದೇ ಕಿವಿ ಮುಚ್ಚುವುದು. ಅಯಸ್ಕಾಂತ ಮೇಲಿದ್ದಷ್ಟು ಹೊತ್ತು ಪೇಸ್‌ಮೇಕರ್ ಯಾರ ಮಾತೂ ಕೇಳುವುದಿಲ್ಲ, ತನ್ನ ಪಾಡಿಗೆ ಒಂದೇ ಲೆಕ್ಕದಲ್ಲಿ ತಟ್ಟುತ್ತಾ ಹೋಗುತ್ತದೆ. ತೊಡೆಯ ಪ್ಲೇಟ್ ಕಿತ್ತು ಬಲಗಡೆ ಭುಜದ ಹಿಂದೆ ಅಂಟಿಸಿದೆ. ಪೇಸ್‌ಮೇಕರ್ ಎಡಗಡೆ ಇತ್ತು, ಈಗ ಕರೆಂಟ್ ಆ ಕಡೆ ಹಾಯುವುದಿಲ್ಲ. ಉಳಿದ ಆಪರೇಷನ್ ಹೆಚ್ಚಾಗಿ ಬೈಪೋಲಾರ್ ಚಿಮಟದಲ್ಲೇ ಮುಗಿಸಿದರು, ಅದರಲ್ಲಿ ಕರೆಂಟ್ ಚಿಮಟದ ಎರಡು ತುದಿಗಳ ನಡುವೆ ಮಾತ್ರ ಹರಿಯುತ್ತದೆ. ಅಜ್ಜಿ ಮೂರನೇ ದಿನ ಮನೆಗೆ ಹೋದರು.

ಈಗ ನಿಮ್ಮ ಅಪ್ಪಾಜಿ ವಿಷಯ. ಒಂದು ಸಮಾಧಾನ ಏನೆಂದರೆ ಅವರ ಆಪರೇಷನ್ ಹೊಕ್ಕುಳಿನ ಕೆಳಗೆ. ಪ್ಲೇಟ್ ತೊಡೆಗೆ ಅಥವಾ ಕುಂಡಿಗೆ ಅಂಟಿಸುತ್ತಾರೆ, ಕರೆಂಟಿನ ದಾರಿ ಅಲ್ಲೇ ಮುಗಿಯುತ್ತದೆ, ಎದೆಯಿಂದ ದೂರ. ಹೊಕ್ಕುಳಿನ ಮೇಲಿನ ಆಪರೇಷನ್ನಿನಲ್ಲೇ ಈ ತೊಂದರೆ ಜಾಸ್ತಿ. ಆದರೂ ಟಿಯುಆರ್‌ಪಿಯಲ್ಲಿ ಕಾಟರಿ ಬಿಡುವಿಲ್ಲದೆ ಓಡುತ್ತದೆ. ಗ್ರಂಥಿ ಕೊಯ್ಯುವುದೂ ಅದರಲ್ಲೇ, ರಕ್ತ ನಿಲ್ಲಿಸುವುದೂ ಅದರಲ್ಲೇ. ಹಾಗಾಗಿ ಕೇಳಬೇಕಾದ್ದನ್ನು ಕೇಳಲೇಬೇಕು.

ಸರ್ಜನ್ ಹತ್ತಿರ ಕೇಳಿ: "ಸರ್, ಬೈಪೋಲಾರ್ ಟಿಯುಆರ್‌ಪಿ ಮಾಡಲಿಕ್ಕೆ ಆಗುತ್ತಾ?" ಅದರಲ್ಲಿ ಕರೆಂಟ್ ಉಪಕರಣದ ತುದಿಯಲ್ಲೇ ಹೋಗಿ ತುದಿಯಲ್ಲೇ ವಾಪಸ್ ಬರುತ್ತದೆ. ಮೈಗೆ ಪ್ಲೇಟ್ ಬೇಕಿಲ್ಲ. ಒಳಗೆ ಹರಿಸುವ ನೀರೂ ಗ್ಲೈಸಿನ್ ದ್ರಾವಣದ ಬದಲು ಸಲೈನ್ (ಉಪ್ಪುನೀರು). ಈಗ ಬಹಳ ಕಡೆ ಈ ಯಂತ್ರ ಇದೆ. ಇಲ್ಲ ಅಂದರೂ ಹೆದರಬೇಕಿಲ್ಲ, ಹಳೆಯ ರೀತಿಯಲ್ಲೇ ಒಂದು ಸಲಕ್ಕೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಒತ್ತದೆ, ಬಿಟ್ಟು ಬಿಟ್ಟು ಮಾಡುತ್ತಾರೆ.

ಇನ್ನು ಪೇಸ್‌ಮೇಕರ್ ಕಾರ್ಡ್. ಹಾಕಿದಾಗ ಒಂದು ಪುಟ್ಟ ಕಾರ್ಡ್ ಕೊಟ್ಟಿರುತ್ತಾರೆ, ಕಂಪನಿ, ಮಾಡೆಲ್, ಹಾಕಿದ ತಾರೀಖು ಎಲ್ಲ ಇರುತ್ತದೆ. ಅದನ್ನು ಹುಡುಕಿ ಇಟ್ಟುಕೊಳ್ಳಿ. ಆಪರೇಷನ್ ದಿನ ಅಲ್ಲ, ಅದಕ್ಕೂ ಮುಂಚೆಯೇ ಅನಸ್ತೇಷಿಯಾ ಡಾಕ್ಟರ ಕೈಗೆ ಕೊಡಿ. ಫೈಲಿನಲ್ಲಿ ಸಿಕ್ಕಿಸಿ ಸುಮ್ಮನಾಗಬೇಡಿ. ಕೈಗೆ ಕೊಟ್ಟು ಬಾಯಲ್ಲಿ ಹೇಳಿ: "ಇವರ ಸ್ವಂತ ನಾಡಿ 34 ಇತ್ತು." ಈ ಒಂದು ಮಾತು ಓಟಿಯೊಳಗೆ ಎಲ್ಲರನ್ನೂ ಎಚ್ಚರ ಮಾಡುತ್ತದೆ. ಅಜ್ಜಿಯ ಫೈಲಿನಲ್ಲಿ ಬರೆದಿತ್ತು ತಂಗಿ, ಬಾಯಿಬಿಟ್ಟು ಹೇಳಿದವರು ಯಾರೂ ಇರಲಿಲ್ಲ.

ಶಿವಮೊಗ್ಗ ಅರಿವಳಿಕೆ ವೈದ್ಯೆ

ಓಟಿ ಅಣ್ಣ ಬರೆದದ್ದು ಸರಿಯಾಗಿದೆ. ನಾನು ಅನಸ್ತೇಷಿಯಾ ವೈದ್ಯೆ, ಎರಡು ಮೂರು ಮಾತು ಸೇರಿಸುತ್ತೇನೆ.

ಮಗಳೇ, ಫಿಟ್‌ನೆಸ್ ಪತ್ರ ಬೇರೆ, ಪೇಸ್‌ಮೇಕರ್ ತಪಾಸಣೆ ಬೇರೆ. ಇಸಿಜಿ ನೋಡಿದರೆ ಯಂತ್ರದ ಬ್ಯಾಟರಿ ಎಷ್ಟಿದೆ, ತಂತಿ ಸರಿ ಇದೆಯಾ, ಅಪ್ಪಾಜಿ ಅದರ ಮೇಲೆ ಎಷ್ಟು ಅವಲಂಬಿಸಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಪ್ರೋಗ್ರಾಮರ್ ಎಂಬ ಯಂತ್ರ ಬೇಕು. ಅದರ ತುದಿಯನ್ನು ಪೇಸ್‌ಮೇಕರ್ ಮೇಲೆ ಇಟ್ಟರೆ ಎಲ್ಲ ಓದಿ ಕಾಗದ ತೆಗೆದುಕೊಡುತ್ತದೆ. ಆಪರೇಷನ್ನಿಗೆ ಹೋಗುವವರಿಗೆ ಹಿಂದಿನ 12 ತಿಂಗಳೊಳಗೆ ಈ ತಪಾಸಣೆ ಆಗಿರಬೇಕು. ಆಗಿಲ್ಲ ಅಂದರೆ ಮಾಡಿಸಿ. ಇದನ್ನು ಕೇಳುವುದರಲ್ಲಿ ಸಂಕೋಚ ಬೇಡ, ನೀವು ಯಾರ ತಪ್ಪನ್ನೂ ಎತ್ತಿ ತೋರಿಸುತ್ತಿಲ್ಲ.

ಅಯಸ್ಕಾಂತ ಇಟ್ಟಾಗ ಬರುವ ವೇಗ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವದ್ದು 85, ಕೆಲವದ್ದು 90, ಕೆಲವದ್ದು 100. ಬ್ಯಾಟರಿ ಮುಗಿಯುತ್ತಾ ಬಂದಿದ್ದರೆ ಅದು ಕಡಿಮೆಯಾಗುತ್ತದೆ. ಕೆಲವು ಪೇಸ್‌ಮೇಕರಿನಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸುವುದನ್ನೇ ಬಂದ್ ಮಾಡಿಟ್ಟಿರಬಹುದು. ಹಾಗಾಗಿ ಅಯಸ್ಕಾಂತ ಇದೆಯಲ್ಲ ಅಂತ ನಾವು ಧೈರ್ಯವಾಗಿ ಕೂರುವುದಿಲ್ಲ, ಮೊದಲೇ ಇಟ್ಟು ನೋಡಿಕೊಳ್ಳುತ್ತೇವೆ. ಪೂರ್ತಿ ಪೇಸ್‌ಮೇಕರ್ ಮೇಲೆ ನಿಂತವರಿಗೆ, ಆಪರೇಷನ್ ಎದೆಯ ಹತ್ತಿರವಾದರೆ, ಪ್ರೋಗ್ರಾಮರಿನಲ್ಲೇ ಅದರ ಕಿವಿ ಮುಚ್ಚಿಸಿ, ಮುಗಿದ ಮೇಲೆ ಮೊದಲಿನಂತೆ ಮಾಡಿಸುತ್ತೇವೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕಾಟರಿಯಿಂದ ಬಡಿತ ನಿಲ್ಲುವುದಷ್ಟೇ ಅಲ್ಲ, ಓಡುವುದೂ ಉಂಟು. ಕೆಲವು ಪೇಸ್‌ಮೇಕರ್‌ಗಳು ಉಸಿರಾಟವನ್ನು ಗಮನಿಸಿ, ಮನುಷ್ಯ ನಡೆಯುತ್ತಿದ್ದಾನೆ ಅಂದುಕೊಂಡು ವೇಗ ಏರಿಸುತ್ತವೆ. ಕಾಟರಿಯ ಗದ್ದಲವನ್ನು ಉಸಿರಾಟ ಅಂತ ತಪ್ಪು ತಿಳಿದು, ಸುಮ್ಮನೆ ಮಲಗಿದವರ ನಾಡಿಯನ್ನು ಗರಿಷ್ಠ ವೇಗಕ್ಕೆ ಏರಿಸಿದ್ದನ್ನು ನಾನೇ ನೋಡಿದ್ದೇನೆ. ಕಾರಣ ಗೊತ್ತಿಲ್ಲದಿದ್ದರೆ ನೋವಿಗೆ ಏರಿತು ಅಂದುಕೊಂಡು ಔಷಧಿ ಕೊಡುತ್ತಾ ಹೋಗುವ ಅಪಾಯ ಇದೆ.

ಹಾಗೇ, ಕಾಟರಿ ಒತ್ತಿದಾಗ ಇಸಿಜಿ ಪರದೆಯನ್ನು ನಂಬಬಾರದು. ಆ ಗೀಚು ಕೆಲವೊಮ್ಮೆ ಹೃದಯ ನಡುಗಿ ನಿಲ್ಲುವ ಮುಂಚಿನ ಗೆರೆಯ ಹಾಗೇ ಕಾಣುತ್ತದೆ, ನಾಡಿ ಮಾತ್ರ ಚೆನ್ನಾಗಿರುತ್ತದೆ. ಕೆಲವೊಮ್ಮೆ ಇದಕ್ಕೆ ಉಲ್ಟಾ. ಬೆರಳಿನ ಕ್ಲಿಪ್ಪಿನ ಅಲೆ, ಇಲ್ಲವೇ ಅಣ್ಣ ಮಾಡಿದ ಹಾಗೆ ಕೈಬೆರಳು, ಇವೇ ನಿಜ ಹೇಳುವುದು. ನಾನು ಕಲಿಯಲು ಬರುವ ಮಕ್ಕಳಿಗೆ ಮೊದಲ ವಾರ ಹೇಳಿಕೊಡುವುದೇ ಇದು.

ಮಂಡ್ಯ ತಮ್ಮ

ನಮ್ಮಮ್ಮನಿಗೆ ಪೇಸ್‌ಮೇಕರ್ ಅಲ್ಲ, ಐಸಿಡಿ ಹಾಕಿದ್ದಾರೆ. ಬಡಿತ ಕೆಟ್ಟರೆ ಶಾಕ್ ಕೊಡುತ್ತದಲ್ಲ, ಅದು. ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಿದೆ. ಅದಕ್ಕೂ ಅಯಸ್ಕಾಂತ ಇಟ್ಟರೆ ಸಾಕಾ ಮೇಡಂ?

ಶಿವಮೊಗ್ಗ ಅರಿವಳಿಕೆ ವೈದ್ಯೆ

ಒಳ್ಳೆಯದಾಯಿತು ಕೇಳಿದ್ದು. ಇಲ್ಲೇ ಹೆಚ್ಚು ಗೊಂದಲ ಆಗುವುದು. ಐಸಿಡಿ ಮೇಲೆ ಅಯಸ್ಕಾಂತ ಇಟ್ಟರೆ ಶಾಕ್ ಕೊಡುವುದು ಮಾತ್ರ ನಿಲ್ಲುತ್ತದೆ. ಪೇಸ್‌ಮೇಕರ್ ಕೆಲಸ ಬದಲಾಗುವುದಿಲ್ಲ, ಅದರ ಕಿವಿ ತೆರೆದೇ ಇರುತ್ತದೆ. ಶಾಕ್ ನಿಲ್ಲಿಸುವುದು ಏಕೆಂದರೆ, ಕಾಟರಿಯ ಗದ್ದಲವನ್ನು ಅದು ಹುಚ್ಚೆದ್ದ ಬಡಿತ ಅಂದುಕೊಂಡು ಸುಮ್ಮಸುಮ್ಮನೆ ಶಾಕ್ ಹೊಡೆಯಬಹುದು. ಡಾಕ್ಟರ ಕೈಯಲ್ಲಿ ಚೂಪಾದ ಉಪಕರಣ ಇರುವಾಗ ಪೇಷಂಟ್ ಮೈ ಎಗರಿದರೆ ಏನಾದೀತು ನೋಡಿ. ಶಾಕಿನಿಂದಲೇ ಬಡಿತ ಕೆಡುವ ಅಪಾಯವೂ ಇದೆ.

ಅಮ್ಮನ ಐಸಿಡಿ ತಪಾಸಣೆ ಆರು ತಿಂಗಳೊಳಗೆ ಆಗಿರಬೇಕು. ಶಾಕ್ ಬಂದ್ ಮಾಡಿದ ಕ್ಷಣದಿಂದ ಹೊರಗಿನಿಂದ ಶಾಕ್ ಕೊಡುವ ಯಂತ್ರದ (ಡಿಫಿಬ್ರಿಲೇಟರ್) ಪ್ಯಾಡ್‌ಗಳನ್ನು ಎದೆಗೆ ಅಂಟಿಸಿ ಸಿದ್ಧ ಇಟ್ಟಿರಬೇಕು. ಪ್ರೋಗ್ರಾಮರಿನಲ್ಲಿ ಬಂದ್ ಮಾಡಿದ್ದರೆ, ಅಮ್ಮನನ್ನು ವಾರ್ಡಿಗೆ ಕಳಿಸುವ ಮುಂಚೆ ಮತ್ತೆ ಆನ್ ಮಾಡಿಸಬೇಕು. ಇದು ಬಹಳ ಮುಖ್ಯ. ಆಪರೇಷನ್ ಮುಗಿದ ಖುಷಿಯಲ್ಲಿ ಮರೆತುಹೋಗುವುದು ಇದೊಂದೇ. ಮಗನಾಗಿ ನೀವು ಓಟಿ ಬಾಗಿಲಲ್ಲಿ ನಿಂತು "ಶಾಕ್ ಮತ್ತೆ ಆನ್ ಆಯಿತಾ?" ಅಂತ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ.

ದಾವಣಗೆರೆ ಮಗಳು

ಅಣ್ಣ, ಮೇಡಂ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಿಲ್ಲ. ಅಜ್ಜಿಯ ಬಳೆ ವಿಷಯ ಓದುವಾಗ ಕಣ್ಣು ತುಂಬಿ ಬಂತು. ಕಾರ್ಡ್ ಸಿಕ್ಕಿತು. ಅಮ್ಮ ಅದನ್ನು ದೇವರ ಮನೆಯ ಪೆಟ್ಟಿಗೆಯಲ್ಲಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ನಾಳಿದ್ದು ಬೆಂಗಳೂರಿಗೆ ಹೋಗಿ ಪೇಸ್‌ಮೇಕರ್ ತಪಾಸಣೆ ಮಾಡಿಸುತ್ತೇವೆ.

ನನ್ನ ತಮ್ಮನ ಪ್ರಶ್ನೆ ಒಂದಿದೆ. ಪೇಸ್‌ಮೇಕರ್ ಇಲ್ಲದವರ ಹೃದಯಕ್ಕೂ ಕಾಟರಿಯಿಂದ ಏನಾದರೂ ಆಗುತ್ತಾ? ಮನೆಯ ಪ್ಲಗ್ಗಿನ ಕರೆಂಟ್ ಹೊಡೆದರೆ ಸಾಯುತ್ತಾರೆ, ಕಾಟರಿ ಕರೆಂಟ್ ಮೈತುಂಬಾ ಹರಿದರೂ ಸಾಯುವುದಿಲ್ಲ, ಅದು ಹೇಗೆ ಅಂತ ಕೇಳುತ್ತಿದ್ದಾನೆ.

ಮೈಸೂರು ಬಯೋಮೆಡಿಕಲ್

ತಮ್ಮನ ಪ್ರಶ್ನೆ ನನ್ನ ಕೆಲಸದ್ದೇ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ, ತಪಾಸಣೆ ಮಾಡುವವನು ನಾನು. ಕಾಟರಿ ಯಂತ್ರ ಬಿಚ್ಚಿ ನೋಡಿದವರಿಗೆ ಇದು ಬಹಳ ಚೆಂದದ ವಿಷಯ.

ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಆ ಕಡೆ ಹೋಗಿ ಈ ಕಡೆ ಬರುತ್ತದೆ. ನರ, ಸ್ನಾಯು, ಹೃದಯ ಆ ವೇಗಕ್ಕೆ ಸ್ಪಂದಿಸುತ್ತವೆ, ಅದಕ್ಕೇ ಅದು ಕೊಲ್ಲುತ್ತದೆ. ಕಾಟರಿ ಕರೆಂಟ್ ಸೆಕೆಂಡಿಗೆ ಮೂರರಿಂದ ಐದು ಲಕ್ಷ ಸಲ ಹೀಗೆ ಹೋಗಿ ಬರುತ್ತದೆ, ಕೆಲವು ಯಂತ್ರಗಳಲ್ಲಿ ಇನ್ನೂ ಜಾಸ್ತಿ. ನರ ಒಂದು ಕಡೆಗೆ ತಿರುಗುವ ಮುಂಚೆಯೇ ಕರೆಂಟ್ ಇನ್ನೊಂದು ಕಡೆಗೆ ತಿರುಗಿರುತ್ತದೆ. ಹಾಗಾಗಿ ನರ ಮಿಸುಕುವುದಿಲ್ಲ, ಬಿಸಿ ಮಾತ್ರ ಆಗುತ್ತದೆ. ಫ್ರಾನ್ಸಿನ ವಿಜ್ಞಾನಿ ದಾರ್ಸೋನ್ವಾಲ್ 1890ರ ದಶಕದಲ್ಲೇ ಇದನ್ನು ತೋರಿಸಿದ್ದರು. ಅಮೆರಿಕದ ಬಾಸ್ಟನ್ನಿನಲ್ಲಿ ಬೋವಿ ಅದೇ ತತ್ವದ ಮೇಲೆ ಯಂತ್ರ ಕಟ್ಟಿದರು, 1926ರ ಅಕ್ಟೋಬರ್ 1ರಂದು ಮೆದುಳಿನ ಸರ್ಜನ್ ಕುಶಿಂಗ್ ಅದನ್ನು ತಲೆಯ ಗಡ್ಡೆಯ ಆಪರೇಷನ್ನಿನಲ್ಲಿ ಬಳಸಿದರು. ರಕ್ತ ನಿಲ್ಲದೆ ಕೆಲವು ದಿನ ಮುಂಚೆ ಅರ್ಧಕ್ಕೇ ಬಿಟ್ಟಿದ್ದ ಆಪರೇಷನ್ ಅದು.

ಹಾಗಾದರೆ ತೊಂದರೆ ಎಲ್ಲಿ? ಕಿಡಿಯಲ್ಲಿ. ಕಾಟರಿಯ ತುದಿ ಮಾಂಸಕ್ಕೆ ಮುಟ್ಟುವ ಕಡೆ ಸಣ್ಣ ಕಿಡಿ ಹಾರುತ್ತದೆ. ಆ ಕಿಡಿ ಕರೆಂಟನ್ನು ಎರಡೂ ದಿಕ್ಕಿಗೆ ಒಂದೇ ಸಮ ಬಿಡುವುದಿಲ್ಲ. ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ. ಇದರಿಂದ ಶುದ್ಧವಾದ ಹೆಚ್ಚು ವೇಗದ ಕರೆಂಟಿನೊಳಗೆ ನಿಧಾನ ವೇಗದ ಕರೆಂಟ್ ಒಂದಿಷ್ಟು ಹುಟ್ಟುತ್ತದೆ, ಮತ್ತೆ ಅದು ನರಕ್ಕೆ ತಾಗುವಂಥದ್ದು. ನಂಬಿಕೆ ಬರದಿದ್ದರೆ ಓಟಿ ಅಣ್ಣನನ್ನೇ ಕೇಳಿ. ಮೂತ್ರಕೋಶದ ಪಕ್ಕದ ಗೋಡೆಯ ಗಡ್ಡೆ ತೆಗೆಯುವಾಗ ಪೇಷಂಟ್ ತೊಡೆ ಧಡ್ ಅಂತ ಒಳಗೆ ಎಗರುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೂ ಎಗರುತ್ತದೆ, ಏಕೆಂದರೆ ಕಾಲಿಗೆ ಹೋಗುವ ನರ ಆ ಗೋಡೆಯ ಹೊರಗೇ ಹಾದುಹೋಗುತ್ತದೆ.

ಕಾಲಿನ ನರಕ್ಕೆ ತಾಗುವುದು ಹೃದಯಕ್ಕೂ ತಾಗಬಹುದು ಅಲ್ವಾ? ಅದಕ್ಕೆ ಯಂತ್ರದೊಳಗೆ, ಹೊರಗೆ ಹೋಗುವ ದಾರಿಯಲ್ಲೇ, ಕೆಪಾಸಿಟರ್ ಕೂರಿಸಿರುತ್ತಾರೆ. ಅದು ಹೆಚ್ಚು ವೇಗದ್ದನ್ನು ಬಿಟ್ಟು ನಿಧಾನದ್ದನ್ನು ತಡೆಯುತ್ತದೆ. ಸರಿಯಾದ ಯಂತ್ರ, ಹೃದಯದಿಂದ ದೂರದ ಆಪರೇಷನ್ ಅಂದರೆ ಪೇಸ್‌ಮೇಕರ್ ಇಲ್ಲದವರಿಗೆ ಬಡಿತ ಕೆಡುವುದು ಬಹಳ ಅಪರೂಪ. ಎದೆಯೊಳಗೆ, ಹೃದಯದ ಚೀಲದ ಹತ್ತಿರ ಕಾಟರಿ ಮುಟ್ಟಿಸುವಾಗ ಒಂದೆರಡು ಬಡಿತ ತಪ್ಪುವುದು ಉಂಟು, ಹೃದಯ ನಡುಗಿ ನಿಲ್ಲುವ ಅಪಾಯವೂ ಅಲ್ಲಿದೆ. ಅಲ್ಲಿ ಮಾಡುವವರು ಡಿಫಿಬ್ರಿಲೇಟರ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ.

ನನ್ನ ನಿದ್ದೆ ಕೆಡಿಸುವುದು ಬೇರೆ. ಚರ್ಮದ ಮೇಲಿಂದ ಮನೆಯ ಕರೆಂಟ್ ಹಾದು ಹೃದಯ ಕೆಡಬೇಕಾದರೆ ಸುಮಾರು 100 ಮಿಲಿಆಂಪ್ ಬೇಕು. ಅದೇ ಹೃದಯದೊಳಗೆ ತಂತಿ ಇಳಿಸಿದ್ದರೆ, ಇಲ್ಲವೇ ಸಲೈನ್ ತುಂಬಿದ ನಳಿಕೆ ಹೃದಯದವರೆಗೆ ಹೋಗಿದ್ದರೆ, ಅದರ ಸಾವಿರದಲ್ಲಿ ಒಂದು ಪಾಲು ಸಾಕು. ಕೈಗೆ ಜುಮ್ ಅನ್ನುವಷ್ಟೂ ಇಲ್ಲದ ಕರೆಂಟ್ ಅದು. ಅರ್ಥಿಂಗ್ ಸಡಿಲವಾದ ಪ್ಲಗ್, ಸುಲಿದ ವೈರು, ಎಷ್ಟೋ ವರ್ಷದಿಂದ ಯಾರೂ ಮುಟ್ಟಿ ನೋಡದ ಹಳೆಯ ಯಂತ್ರ, ಇಷ್ಟು ಸಾಕು. ಹೊಸ ಯಂತ್ರಗಳ ಮುಂಭಾಗದಲ್ಲಿ, ಪೇಷಂಟ್ ವೈರು ಸೇರಿಸುವ ತೂತಿನ ಪಕ್ಕ, ಪುಟ್ಟ ಹೃದಯದ ಚಿತ್ರ ಇರುತ್ತದೆ. ಸೋರುವ ಕರೆಂಟ್ ಹೃದಯಕ್ಕೆ ನೇರ ತಾಗಿದರೂ ತೊಂದರೆ ಆಗದಷ್ಟು ಕಡಿಮೆ ಇದೆ ಅಂತ ಅದರ ಅರ್ಥ. ಆ ಚಿತ್ರ ಇದ್ದರೂ ನಾನು ವರ್ಷಕ್ಕೊಮ್ಮೆ ಸೋರಿಕೆ ಅಳೆದು ಸ್ಟಿಕ್ಕರ್ ಅಂಟಿಸುತ್ತೇನೆ. ಸ್ಟಿಕ್ಕರ್ ಮೇಲಿನ ತಾರೀಖು ಹಳೆಯದಾಗಿದ್ದರೆ ಕೇಳುವ ಹಕ್ಕು ಎಲ್ಲರಿಗೂ ಇದೆ.

ಹುಬ್ಬಳ್ಳಿ ಓಟಿ ಅಣ್ಣ

ತೊಡೆ ಎಗರುವುದು ಖರೇ. ಒಮ್ಮೆ ನನ್ನ ಗದ್ದಕ್ಕೇ ಪೇಷಂಟ್ ಮಂಡಿ ಬಡಿದಿತ್ತು. ಆದರೆ ಅದು ಮೂತ್ರಕೋಶದ ಗಡ್ಡೆಯಲ್ಲಿ, ಪ್ರಾಸ್ಟೇಟಿನಲ್ಲಿ ಅಷ್ಟಾಗಿ ಇಲ್ಲ. ತಂಗಿ, ಅಪ್ಪಾಜಿ ಬೆನ್ನಿನ ಇಂಜೆಕ್ಷನ್ನಿನಲ್ಲಿ ಎಚ್ಚರವಾಗೇ ಇರುತ್ತಾರೆ. ಹೋಗುವ ಮುಂಚೆ ಅವರಿಗೊಂದು ಮಾತು ಹೇಳಿ: ತಲೆ ಸುತ್ತಿದರೆ, ಕಣ್ಣು ಕತ್ತಲೆ ಬಂದರೆ ಸಂಕೋಚ ಪಡದೆ ಕೂಗಲಿ. ಹಿರಿಯರು "ಡಾಕ್ಟರ್ ಕೆಲಸದಲ್ಲಿದ್ದಾರೆ, ತೊಂದರೆ ಕೊಡಬಾರದು" ಅಂತ ಬಾಯಿ ಮುಚ್ಚಿ ಮಲಗಿರುತ್ತಾರೆ.

ದಾವಣಗೆರೆ ಮಗಳು

ಹದಿನೇಳು ದಿನ ಆಯಿತು. ಹೇಳದೆ ಇರಬಾರದು ಅಂತ ಬರೆಯುತ್ತಿದ್ದೇನೆ.

ಬೆಂಗಳೂರಲ್ಲಿ ತಪಾಸಣೆ ಆಯಿತು. ಬ್ಯಾಟರಿ ಇನ್ನೂ ನಾಲ್ಕು ವರ್ಷ ಬರುತ್ತದಂತೆ. ಪೇಸ್‌ಮೇಕರ್ ವೇಗ ನಿಧಾನಕ್ಕೆ ಇಳಿಸಿ ನೋಡಿದರು, 38ಕ್ಕೆ ಬಂದರೂ ಅಪ್ಪಾಜಿಯದ್ದೇ ಬಡಿತ ಸರಿಯಾಗಿ ಬರಲಿಲ್ಲ. ಆ ಹುಡುಗ ಕಾಗದದ ಮೇಲೆ ಅದನ್ನು ದೊಡ್ಡದಾಗಿ ಬರೆದು ಗೆರೆ ಎಳೆದುಕೊಟ್ಟ. ಆ ಕಾಗದವನ್ನೂ ಕಾರ್ಡನ್ನೂ ಇಲ್ಲಿಯ ಅನಸ್ತೇಷಿಯಾ ಡಾಕ್ಟರ ಕೈಗೇ ಕೊಟ್ಟು, ನೀವು ಹೇಳಿದ ಮಾತನ್ನು ಹಾಗೇ ಹೇಳಿದೆ. ಅವರು ಓದಿ, ಎರಡು ನಿಮಿಷ ಸುಮ್ಮನಿದ್ದು, "ಒಳ್ಳೆ ಕೆಲಸ ಮಾಡಿದಿರಮ್ಮ" ಅಂದರು. ಆಮೇಲೆ ಅವರೇ ಸರ್ಜನ್ ಹತ್ತಿರ ಮಾತಾಡಿ ಬೈಪೋಲಾರ್ ಮಾಡಿಸಿದರು. ಅದಕ್ಕೆ ಒಂದು ವಾರ ಕಾಯಬೇಕಾಯಿತು, ಕಾದೆವು.

ಒಳಗೆ ಏನಾಯಿತು ಅಂತ ಅಪ್ಪಾಜಿಯೇ ಹೇಳಿದರು. ಒಂದು ಗಂಟೆ ಚಿಲ್ಲರೆ ಆಯಿತಂತೆ. ಎದೆಯ ಪಕ್ಕ ಅಯಸ್ಕಾಂತ ಇಟ್ಟುಕೊಂಡಿದ್ದರು, ಬಳಸುವ ಪ್ರಸಂಗ ಬರಲಿಲ್ಲ. ತಲೆಯ ಹತ್ತಿರ ಒಬ್ಬ ಹುಡುಗ ಕೂತು ಪೂರ್ತಿ ಹೊತ್ತು ಅವರ ಕೈ ಹಿಡಿದುಕೊಂಡಿದ್ದನಂತೆ. ಅಪ್ಪಾಜಿ ಅದನ್ನು ಧೈರ್ಯ ಹೇಳಲು ಹಿಡಿದದ್ದು ಅಂದುಕೊಂಡಿದ್ದಾರೆ. ಪಕ್ಕದ ಮನೆಯವರಿಗೆಲ್ಲ ಹೇಳುತ್ತಾರೆ, "ಎಷ್ಟು ಒಳ್ಳೆ ಹುಡುಗ, ಕೈ ಬಿಡಲೇ ಇಲ್ಲ" ಅಂತ. ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟಿದ್ದನಾ ಅಂತ ನಾನು ಕೇಳಿದೆ. ಹೌದು ಅಂದರು.

ನಿನ್ನೆ ಮತ್ತೆ ತೋಟಕ್ಕೆ ಹೋಗಿದ್ದರು.

ಹುಬ್ಬಳ್ಳಿ ಓಟಿ ಅಣ್ಣ

ಬಹಳ ಸಂತೋಷ ಆಯಿತು ತಂಗಿ. ಆಪರೇಷನ್ ಆದ ಮೇಲೆ ಪೇಸ್‌ಮೇಕರ್ ಮತ್ತೊಮ್ಮೆ ತೋರಿಸಿದಿರಾ? ಇಲ್ಲದಿದ್ದರೆ ಈ ತಿಂಗಳಲ್ಲೇ ತೋರಿಸಿ ಬನ್ನಿ. ಆ ಕಾಗದವನ್ನೂ ಕಾರ್ಡಿನ ಜೊತೆ ಅದೇ ಪೆಟ್ಟಿಗೆಯಲ್ಲಿ ಇಡಿ.